ಢೋಲಕಿಗೆ ಸುರಂಗದಷ್ಟೇ ಜಾಗ: ಲೋಕಲ್ ಗಾಡಿಯ ಒಂದು ಭಜನಾ ಮಂಡಳಿಯ ಪ್ರಕರಣ

ಮುಂಬೈ ಹೊರವಲಯದ ಬದ್ಲಾಪುರದಿಂದ ನಗರದ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಹೋಗುವ, ಕೆಲವೇ ಸ್ಟೇಶನ್ನುಗಳಲ್ಲಿ ನಿಲ್ಲುವ ಬೆಳಗಿನ ಫಾಸ್ಟ್ ಲೋಕಲ್‌ಗಳಲ್ಲಿ ಒಂದು. ಅದರ ಸಮಯವನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಆ ಲೈನಿನಲ್ಲಿ ಓಡಾಡುವವರಿಗೆ ಡಬ್ಬಿಯೂ ಗೊತ್ತಾಗುತ್ತದೆ, ಜನರೂ ಗೊತ್ತಾಗುತ್ತಾರೆ. ಹನ್ನೆರಡು ಡಬ್ಬಿಯ ಗಾಡಿ, ನಡುವಿನ ಒಂದು ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಹದಿನಾಲ್ಕು ಮಂದಿಯ ಭಜನಾ ಮಂಡಳಿ. 2019ರಲ್ಲಿ ಪಂಢರಪುರದ ವಿಠ್ಠಲನ ದೊಡ್ಡ ಹಬ್ಬವಾದ ಆಷಾಢ ಏಕಾದಶಿಯ ದಿನ, ಅಂದರೆ ಜುಲೈ 12ರ ಶುಕ್ರವಾರ, ಅಲ್ಲಿ ಒಂದು ಜಗಳವಾಯಿತು. ಮರುವಾರ ದೂರು ರೈಲ್ವೆ ಪೊಲೀಸರ ತನಕ ಹೋಯಿತು. ತಿಂಗಳೊಳಗೆ ರಾಜಿಯೂ ಆಯಿತು. ಆ ತಿಂಗಳಲ್ಲಿ ಏನು ನಡೆಯಿತು, ರಾಜಿಯ ನಂತರ ಮಂಡಳಿ ಏನಾಯಿತು ಎಂಬುದಷ್ಟೇ ಈ ಬರಹದ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ದೂರ ನಿಂತು ನೋಡಿದವನಲ್ಲ. ಜಗಳ ಹತ್ತಿಕೊಂಡದ್ದು ಸೀಟಿನ ಮೇಲೆ ಹಾಸಿದ್ದ ಒಂದು ಕರವಸ್ತ್ರದಿಂದ. ಆ ಕರವಸ್ತ್ರ ಹಾಸಿದ್ದು ನನ್ನ ಸಲುವಾಗಿ.

ಡಬ್ಬಿ, ಮಂಡಳಿ

ಈ ದಾರಿಯಲ್ಲಿ ಕಲ್ಯಾಣ್ ಆದ ಮೇಲೆ ಸಿಗುವ ಡೊಂಬಿವಲಿಯಲ್ಲಿ ಬೆಳಿಗ್ಗೆ ಗಾಡಿ ಹತ್ತುವವರು ಕೂರುವ ಆಸೆ ಇಟ್ಟುಕೊಳ್ಳುವುದಿಲ್ಲ. ಎರಡೂ ಪಾದ ಊರುವಷ್ಟು ಜಾಗ ಸಿಕ್ಕರೆ ಆ ದಿನ ಒಳ್ಳೆಯದು. ಈ ನೂಕುನುಗ್ಗಲಿಗೆ ರೈಲ್ವೆಯವರೇ ಇಟ್ಟ ಹೆಸರೊಂದಿದೆ: ‘ಸೂಪರ್ ಡೆನ್ಸ್ ಕ್ರಷ್ ಲೋಡ್’. ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಂತಿದ್ದಾರೆ ಎಂದು ಅರ್ಥ. ಇಷ್ಟು ಜನ ದಿನಾ ಒಬ್ಬರ ಮೇಲೊಬ್ಬರು ಬಿದ್ದು ಹೋಗುವಾಗ ಕೆಲವು ಕಟ್ಟಳೆಗಳು ತಾವಾಗಿ ಹುಟ್ಟಿಕೊಂಡಿವೆ. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಅರ್ಧ ತೊಡೆ ಊರುವಷ್ಟು ಸರಿದು ಕೊಡಬೇಕು. ಅದಕ್ಕೆ ‘ಚೌಥಿ ಸೀಟ್’ ಎನ್ನುತ್ತಾರೆ. ಬೆಂಚುಗಳ ನಡುವೆ ನಿಂತವನು ಕೂತವನನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಬಹುದು, ಮೊದಲು ಕೇಳಿದವನಿಗೇ ಆ ಸೀಟು. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಆದರೆ ಮುರಿದವನಿಗೆ ಮರುದಿನ ಆ ಡಬ್ಬಿಯಲ್ಲಿ ಕಷ್ಟ.

ಮಂಡಳಿಯ ಮುಖ್ಯ ಗಾಯಕರನ್ನು ಎಲ್ಲರೂ ಬುವಾ ಎಂದೇ ಕರೆಯುತ್ತಿದ್ದರು. ಮೂಲ ಸಿಂಧುದುರ್ಗದ ಕಡೆಯವರು. ತಂದೆ ಮುಂಬೈಯ ಪರಳದ (ಪರೇಲ್) ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿಯವರ ಚಾಳುಗಳಲ್ಲಿ, ಅಂದರೆ ಸಾಲುಕೋಣೆಗಳ ವಠಾರಗಳಲ್ಲಿ, ರಾತ್ರಿ ಊಟವಾದ ಮೇಲೆ ಭಜನೆ ಇರುತ್ತಿತ್ತಂತೆ. ಪಾಳಿ ಮುಗಿಸಿ ನಡೆದೇ ಮನೆಗೆ ಬರುವವರಿಗೆ ಸಮಯಕ್ಕೇನು ಬರ? 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಬಹಳಷ್ಟು ಗಿರಣಿಗಳು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಬುವಾನ ಸಂಸಾರ ಅಗ್ಗದ ಮನೆ ಹುಡುಕಿಕೊಂಡು ಬದ್ಲಾಪುರಕ್ಕೆ ಬಂತು. “ಆರೂವರೆಗೆ ಮನೆ ಬಿಡ್ತೀನಿ, ರಾತ್ರಿ ಎಂಟೂವರೆಗೆ ಸೇರ್ತೀನಿ. ಇದರಲ್ಲಿ ದೇವರ ಪಾಲು ಎಲ್ಲಿಂದ ತೆಗೀಲಿ ಅಣ್ಣಾ? ಗಾಡಿಯಲ್ಲೇ ತೆಗೀಬೇಕು” ಎಂದು ಒಮ್ಮೆ ಹೇಳಿದ್ದರು. (ಮುಂಬೈಯಲ್ಲಿ ದಕ್ಷಿಣದ ಕಡೆಯ ಯಾರೇ ಆದರೂ ‘ಅಣ್ಣಾ’. ಇಪ್ಪತ್ತೆರಡು ವರ್ಷದಲ್ಲಿ ನನಗೂ ಅದು ಒಗ್ಗಿಹೋಗಿದೆ.)

ಗಾಡಿಯ ಭಜನೆ ಎಂದರೆ ಬಾಯಿಗೆ ಬಂದದ್ದನ್ನು ಕೂಗುವುದಲ್ಲ. ವಾರಕರಿಗಳ, ಅಂದರೆ ಪಂಢರಪುರದ ವಿಠ್ಠಲನ ಭಕ್ತರ, ಭಜನೆಯ ಕ್ರಮವನ್ನೇ ಅವರು ಸ್ಟೇಶನ್ನುಗಳಿಗೆ ಹಂಚಿಕೊಂಡಿದ್ದರು. ಬದ್ಲಾಪುರ, ಅಂಬರ್‌ನಾಥ್, ಉಲ್ಹಾಸ್‌ನಗರದ ತನಕ ಸುಮ್ಮನೆ ಕ್ಷೇಮಸಮಾಚಾರ. ಅದರ ಮುಂದಿನ ಸ್ಟೇಶನ್ನಿನ ಹೆಸರೇ ವಿಠ್ಠಲವಾಡಿ. ಅಲ್ಲಿಂದ ‘ಜಯ ಜಯ ರಾಮಕೃಷ್ಣ ಹರಿ’ ಶುರು. ಕಲ್ಯಾಣ್ ಬರುವಷ್ಟರಲ್ಲಿ ದೇವರ ರೂಪ ಬಣ್ಣಿಸುವ ಅಭಂಗ, ಅಂದರೆ ಮರಾಠಿ ಸಂತರ ಪದ. ಆಮೇಲೆ ತುಕಾರಾಮ, ನಾಮದೇವ, ಚೋಖಾಮೇಳ, ನಡುವೆ ಗೋಪಿಯರ ಹಾಡಾದ ಒಂದು ಗವಳಣ. ದಾದರ್ ದಾಟಿದ ಮೇಲೆ ಭಜನೆ ಮುಗಿಸುವ ಭೈರವಿ. ಗಾಡಿ ಎಷ್ಟು ತಡವಾದರೂ ಭೈರವಿ ದಾದರ್‌ಗೆ ಮುಂಚೆ ಬರುತ್ತಿರಲಿಲ್ಲ. ಸಿಗ್ನಲ್ ಕೆಟ್ಟು ಕುರ್ಲಾದಲ್ಲಿ ಅರ್ಧ ಗಂಟೆ ನಿಂತ ದಿನ ಒಂದೇ ಅಭಂಗವನ್ನು ನಾಲ್ಕು ಚಾಲಿನಲ್ಲಿ (ಧಾಟಿಯಲ್ಲಿ) ಹಾಡಿದ್ದನ್ನು ಕೇಳಿದ್ದೇನೆ.

ನಾನು ಒಳಗಾದದ್ದು ಹೀಗೆ. ಒಂದು ದಿನ ನಿಂತಲ್ಲೇ ಗುನುಗುತ್ತಿದ್ದೆ. ಬುವಾಗೆ ಕೇಳಿಸಿತು. “ಅಣ್ಣಾ, ನಿಮ್ಮ ಕಡೆಯದು ಒಂದಾಗಲಿ.” ದೇವರಲ್ಲಿ ನನಗೆ ಅಂಥಾ ಸಲಿಗೆಯೇನಿಲ್ಲ. ಆದರೆ ಮನೆಯಲ್ಲಿ ಅಜ್ಜಿ ಹಾಡುತ್ತಿದ್ದ ಪುರಂದರದಾಸರ ಪದ ಪೂರ್ತಿ ಬರುತ್ತಿತ್ತು, ಹಾಡಿದೆ. ಚರಣಗಳ ಕನ್ನಡ ಯಾರಿಗೂ ತಿಳಿಯಲಿಲ್ಲ, ತಾಳ ಮಾತ್ರ ಹಾಕುತ್ತಿದ್ದರು. ಕೊನೆಗೆ ಅಂಕಿತ ಬಂತಲ್ಲ, ‘ಪುರಂದರ ವಿಠಲ’, ಅಲ್ಲಿ ಹದಿಮೂರು ಗಂಟಲು ಒಟ್ಟಿಗೆ ಎತ್ತಿಕೊಂಡವು. ವಿಠ್ಠಲನನ್ನು ಸಂತ ಜ್ಞಾನೇಶ್ವರರೇ ‘ಕಾನಡಾ’, ಅಂದರೆ ಕನ್ನಡದವನು, ಎಂದು ಕರೆದದ್ದನ್ನು ಬುವಾ ಅವತ್ತು ನೆನಪಿಸಿ, ನನ್ನನ್ನು ಮಂಡಳಿಯ ಹದಿನಾಲ್ಕನೆಯವನನ್ನಾಗಿ ಸೇರಿಸಿಕೊಂಡರು. ಸೇರಿದ್ದಕ್ಕೆ ಸಿಕ್ಕ ಮೊದಲ ಸವಲತ್ತು, ಡೊಂಬಿವಲಿಯಲ್ಲಿ ಹತ್ತುವ ನನಗೆ ಕಾದಿರಿಸಿದ ಒಂದು ಸೀಟು.

ಸೀಟು ಹೇಗೆ ಮಂಡಳಿಯದಾಯಿತು

ಇಡೀ ಪ್ರಕರಣದ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಗರ್ದಿಯಲ್ಲಿ ಢೋಲಕಿಯನ್ನು ನಿಂತು ಬಾರಿಸಲಾಗುವುದಿಲ್ಲ. ಹೆಗಲಿಗೆ ಹಾಕಿಕೊಂಡರೆ ಎರಡೂ ಕಡೆಯ ಚರ್ಮಕ್ಕೆ ಯಾರದೋ ಹೊಟ್ಟೆ, ಯಾರದೋ ಬ್ಯಾಗು ಒತ್ತಿಕೊಂಡಿರುತ್ತದೆ. ಆದ್ದರಿಂದ ಢೋಲಕಿಯವನು ಕೂರಬೇಕು. ಅವನ ಕೈ ನೋಡಲು ಬುವಾ ಎದುರಿಗೇ ಕೂರಬೇಕು. ತಾಳದವರಿಬ್ಬರು ಅವರ ಪಕ್ಕ. ಎರಡನೇ ದನಿಯವರು ಬೆನ್ನಿಗೆ. ಹೀಗೆ ವಾದ್ಯದ ನೆಪದಲ್ಲಿ ಶುರುವಾದದ್ದು ವರ್ಷಗಳಲ್ಲಿ ಎದುರುಬದುರಿನ ನಾಲ್ಕು ಬೆಂಚುಗಳಿಗೆ ಹರಡಿತು. ಬದ್ಲಾಪುರದಲ್ಲಿ ಹತ್ತುವವರು ಅಂಬರ್‌ನಾಥ್‌ನವರಿಗೆ, ಕಲ್ಯಾಣ್‌ನವರಿಗೆ, ಕೊನೆಗೆ ಡೊಂಬಿವಲಿಯ ನನಗೆ ಕರವಸ್ತ್ರ, ಬ್ಯಾಗು, ಟಿಫಿನ್ ಡಬ್ಬಿ ಇಟ್ಟು ಜಾಗ ಹಿಡಿಯುತ್ತಿದ್ದರು. ಹಾಡು ನಡೆಯುವಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ದೇವರ ಹೆಸರು ಹೇಳುವವನನ್ನು ಏಳಿಸುವುದು ಹೇಗೆ?

ಮಂಡಳಿಯವರು ಇದನ್ನು ಲೆಕ್ಕ ಹಾಕಿ ಮಾಡಿದರು ಎಂದು ನಾನು ಹೇಳಲಾರೆ. ಆದರೆ ಏಕಾದಶಿಗೆ ಉಪವಾಸ ಮಾಡದವರು, ಚಾಲು ಗೊತ್ತಿಲ್ಲದವರು, ಬರೀ ಬಾಯಾಡಿಸುವವರು ಮೂರು ನಾಲ್ಕು ಮಂದಿ ನಮ್ಮಲ್ಲಿದ್ದರು. ಅವರು ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಏಕಾದಶಿಯ ಜಗಳ

ಆ ಶುಕ್ರವಾರ ಹಬ್ಬದ ಗದ್ದಲ. ಎಂದೂ ತರದ, ಮೃದಂಗದಂಥ ಪಖವಾಜ್ ಕೂಡ ಬಂದಿತ್ತು. ಹೂವಿನ ಹಾರ, ಹಂಚಲು ಶೇಂಗಾ ಉಂಡೆ. ಕಲ್ಯಾಣ್‌ನಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಮೂವರ ಬಾಯಿಂದ ಕೇಳಿ ಹೊಂದಿಸಿಕೊಂಡಿದ್ದೇನೆ. ಇಪ್ಪತ್ತಮೂರರ ಸುಮಾರಿನ ಹುಡುಗನೊಬ್ಬ ದಿನಾ ಅಲ್ಲಿ ಹತ್ತುತ್ತಿದ್ದ. ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಜೊತೆಗೆ ಬ್ಯಾಂಕ್ ಪರೀಕ್ಷೆಯ ತಯಾರಿ. ನಿಂತೇ ಪುಸ್ತಕ ಓದುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು, ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವತ್ತು ಅವನು ಕರವಸ್ತ್ರ ಎತ್ತಿ ಪಕ್ಕಕ್ಕಿಟ್ಟು ಕೂತ.

“ಭಾವೂ, ಜನ ಬರುವವರಿದ್ದಾರೆ.”

“ಬಂದಾಗ ಏಳ್ತೀನಿ.”

ಡೊಂಬಿವಲಿಯಲ್ಲಿ ನಾನು ಬಂದೆ. ಅವನು ಏಳಲಿಲ್ಲ. “ಇವರು ಡೊಂಬಿವಲಿಯಲ್ಲಿ ಹತ್ತಿದರು, ನಾನು ಕಲ್ಯಾಣ್‌ನಲ್ಲಿ. ಯಾರು ಮೊದಲು?” ಎಂದ. ಲೋಕಲ್‌ನ ನ್ಯಾಯದಲ್ಲಿ ಅವನ ಮಾತು ನೂರಕ್ಕೆ ನೂರು ಸರಿ. ನಾನು ಅದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಸೀಟು ಬೇಕಿತ್ತು. ಮಂಡಳಿಯ ಒಬ್ಬ ಅವನ ತೋಳು ಹಿಡಿದೆಬ್ಬಿಸಿದ. ಅವನ ಪುಸ್ತಕ ಕೆಳಗೆ ಬಿತ್ತು, ಮಳೆನೀರಿನ ಕೆಸರು, ಅದರ ಮೇಲೆ ಕಾಲುಗಳು. ಆಗ ಅವನು ಎತ್ತಿದ ಪ್ರಶ್ನೆ ಸೀಟಿನದಲ್ಲ. “ಈ ಢೋಲಕಿ ಮೊದಲು ನಿಲ್ಲಿಸಿ. ಓದೋಕೆ ನಂಗೆ ಇರೋದು ಇದೊಂದೇ ಗಂಟೆ” ಎಂದು ಕೂಗಿದ.

ಬುವಾಗೂ ಇದ್ದದ್ದು ಅದೊಂದೇ ಗಂಟೆ.

ದೂರು

ಆಗ ರೈಲ್ವೆ ಸುರಕ್ಷತೆಗೆ 182 ನಂಬರು. ಮರುವಾರ ಅವನು ಫೋನ್ ಮಾಡಿದ. ಎರಡು ದಿನದ ಮೇಲೆ ಥಾಣೆಯಲ್ಲಿ ಇಬ್ಬರು ಪೊಲೀಸರು ಡಬ್ಬಿಗೆ ಹತ್ತಿ, ವಾದ್ಯ ಬಾರಿಸಬೇಡಿ, ಜನರಿಗೆ ತೊಂದರೆಯಾದರೆ ಕೇಸಾಗುತ್ತದೆ ಎಂದು ಸಮಾಧಾನದಲ್ಲೇ ಹೇಳಿ ಘಾಟ್‌ಕೋಪರ್‌ನಲ್ಲಿ ಇಳಿದರು. 1989ರ ರೈಲ್ವೆ ಕಾಯ್ದೆಯ 145ನೇ ಕಲಮು ಗಾಡಿಯಲ್ಲಿ ಉಪದ್ರವ ಕೊಡುವುದನ್ನು ಅಪರಾಧ ಎನ್ನುತ್ತದೆ. ಭಜನೆಯ ಮೇಲಿನ ತಕರಾರು ಸಾಮಾನ್ಯವಾಗಿ ಈ ಕಲಮಿನ ಸುತ್ತಲೇ ಗಿರಕಿ ಹೊಡೆಯುತ್ತದೆ, ಅದು ಕೂಡಲೇ ಭಕ್ತಿ ಮತ್ತು ಭಕ್ತಿವಿರೋಧದ ವಾದವಾಗಿ ಊದಿಕೊಳ್ಳುತ್ತದೆ. ನಮ್ಮಲ್ಲೂ ಹಾಗೇ ಆಯಿತು. “ನಮ್ಮ ದೇಶದಲ್ಲಿ ನಮ್ಮ ದೇವರ ಹೆಸರು ಹೇಳಬಾರದಾ?” ಎಂದು ಹೆಚ್ಚು ಜೋರು ಮಾಡಿದ್ದು ಆ ಬಾಯಾಡಿಸುವ ಗಿರಾಕಿಗಳೇ. ಅದೇ ಕಾಯ್ದೆಯ 155ನೇ ಕಲಮನ್ನು ಯಾರೂ ತೆಗೆಯಲಿಲ್ಲ. ಕಾದಿರಿಸದ ಡಬ್ಬಿಗೆ ಇನ್ನೊಬ್ಬ ಪ್ರಯಾಣಿಕ ಬರುವುದನ್ನು ತಡೆಯುವುದೂ ತಪ್ಪು ಎನ್ನುವುದು ಅದು. ಸೀಟಿಗೆ ಅದು ನೇರವಾಗಿ ಅನ್ವಯಿಸುತ್ತದೋ ಇಲ್ಲವೋ ವಕೀಲರು ನೋಡಿಕೊಳ್ಳಲಿ. ನಮ್ಮ ಅಪರಾಧ ಇದ್ದದ್ದು ಆ ದಿಕ್ಕಿನಲ್ಲಿ.

ಬುವಾ ಸಿಟ್ಟಾಗಲಿಲ್ಲ. ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಸುಮಾರು ಎರಡು ವಾರ ಡಬ್ಬಿ ಮೌನ. ಮೌನ ಎಂದರೆ ಏನು, ಫೋನಿನಲ್ಲಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಸಿನಿಮಾ ನೋಡುವ ನಾಲ್ವರು, ಕ್ರಿಕೆಟ್ ನೋಡುವ ಇಬ್ಬರು. ಭಜನೆಗಿಂತ ಅದು ಕಿರಿಕಿರಿ ಎಂದು ನನಗನಿಸಿತು, ಆದರೆ ನನ್ನ ತೀರ್ಪಿಗೆ ಆಗ ಬೆಲೆಯಿಲ್ಲ. ಆ ಎರಡು ವಾರವೂ ಮಂಡಳಿಯವರು ಕರವಸ್ತ್ರ ಹಾಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹಾಡಿಲ್ಲದೆ ಸೀಟು ಹಿಡಿದಾಗ ಅದು ಬೆತ್ತಲೆಯಾಗಿ ಕಾಣತೊಡಗಿತು. ಅಷ್ಟು ವರ್ಷ ಸುಮ್ಮನಿದ್ದವರು ಗೊಣಗಲು ಶುರುಮಾಡಿದ್ದು ಆಗಲೇ.

ಇಲ್ಲಿ ಇನ್ನೊಬ್ಬರ ವಿಷಯ ಬರೆಯಬೇಕು. ನಮ್ಮ ಬೆಂಚಿನ ಪಕ್ಕ ಹಲವು ವರ್ಷಗಳಿಂದ ನಿಂತು ಹೋಗುತ್ತಿದ್ದ ಒಬ್ಬ ಮುಸ್ಲಿಂ ಹಿರಿಯರು. ತಾಳಕ್ಕೆ ಸರಿಯಾಗಿ ಟಿಫಿನ್ ಚೀಲದ ಮೇಲೆ ಅವರ ಬೆರಳು ಆಡುತ್ತಿತ್ತು. ಅದನ್ನು ತೋರಿಸಿ ಮಂಡಳಿಯವರು ‘ನೋಡಿ, ಅವರಿಗೂ ಇಷ್ಟ’ ಎನ್ನುತ್ತಿದ್ದರು. ನಾನೊಮ್ಮೆ ಅವರನ್ನೇ ಕೇಳಿದೆ. “ಆದತ್ ಆಗಿದೆ”, ಅಭ್ಯಾಸವಾಗಿದೆ ಎಂದರು, ಅಷ್ಟೇ. ಇದನ್ನು ಸೌಹಾರ್ದದ ಕತೆ ಮಾಡಿ ಬರೆಯುವುದು ಸುಲಭ. ಆದರೆ ಆ ಹುಡುಗನ ಹಾಗೆ ಕರವಸ್ತ್ರ ಎತ್ತಿ ಕೂರುವುದು ಅವರಿಂದ ಆಗುತ್ತಿತ್ತೇ? ಅವರು ಒಂದು ದಿನವೂ ನಮ್ಮಲ್ಲಿ ಚೌಥಿ ಸೀಟ್ ಕೇಳಿದ್ದನ್ನು ನಾನು ನೋಡಿಲ್ಲ.

ರಾಜಿ

ಆ ಮಳೆಗಾಲ ನೆನಪಿರಬಹುದು. ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ–ವಾಂಗಣಿ ನಡುವೆ ಪ್ರವಾಹದಲ್ಲಿ ಸಿಕ್ಕಿಬಿದ್ದು, ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ದಾಟಿಸಬೇಕಾಯಿತು. ಅದಾದ ಕೆಲವು ದಿನಕ್ಕೆ ನಮ್ಮ ಗಾಡಿಯೂ ದಿವಾ ದಾಟಿ ಮುಕ್ಕಾಲು ಗಂಟೆ ನಿಂತುಬಿಟ್ಟಿತು. ಫ್ಯಾನು ನಿಂತಿತ್ತು, ಕಿಟಕಿ ತೆಗೆದರೆ ಎರಚಲು. ಮಾತುಕತೆ ನಡೆದದ್ದು ಅಲ್ಲಿ. ಮಧ್ಯಸ್ಥಿಕೆ ವಹಿಸಿದವರು ಮಂಡಳಿಗೆ ಸೇರದ ಒಬ್ಬ ಕಾಕಾ, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಅವರು ಹುಡುಗನನ್ನು ಕೇಳಿದ ಮೊದಲ ಪ್ರಶ್ನೆಯೇ ವಿಷಯವನ್ನು ಬಿಡಿಸಿತು: “ಕೂರಲು ಜಾಗ ಸಿಕ್ಕಿದ್ದರೆ ಢೋಲಕಿಗೆ ಫೋನ್ ಮಾಡ್ತಿದ್ದೆಯಾ?” ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಕಾಕಾ, ಆದರೆ ಢೋಲಕಿ ಜೋರೇ ಇದೆ” ಎಂದ.

ಆಮೇಲೆ ಒಂದೊಂದೇ ತೀರ್ಮಾನವಾಯಿತು. ಇನ್ನು ಮುಂದೆ ಕರವಸ್ತ್ರ, ಬ್ಯಾಗು ಇಡುವುದಿಲ್ಲ. ಹತ್ತಿದವನಿಗೆ ಸೀಟು, ಮಂಡಳಿಯವರೂ ಹಾಗೇ. ಬಾಯಲ್ಲಿ ಹಾಡಬಹುದು, ತಾಳ ಮೆಲ್ಲಗೆ. ಘಾಟ್‌ಕೋಪರ್ ಆದ ಮೇಲೆ ಬರೀ ನಾಮ, ತಾಳವೂ ಇಲ್ಲ. ದಾದರ್ ನಂತರದ ಭೈರವಿಯನ್ನು ಬುವಾ ಬಿಟ್ಟುಕೊಡಲಿಲ್ಲ, ಅದಕ್ಕೆ ಯಾರೂ ಹಠ ಹಿಡಿಯಲೂ ಇಲ್ಲ.

ಉಳಿದದ್ದು ಢೋಲಕಿ. ಅದನ್ನು ಮನೆಯಲ್ಲಿಡುವ ಮಾತಿಗೆ ಢೋಲಕಿಯವನು ಅಳುವಂತಾದ. ಆಗ ಕಾಕಾ, “ಸುರಂಗದಲ್ಲಿ ಬಾರಿಸಿ. ಅಲ್ಲಿ ಹೇಗೂ ಯಾರ ಮಾತೂ ಯಾರಿಗೂ ಕೇಳೋದಿಲ್ಲ” ಎಂದರು. ದಿವಾ ಮತ್ತು ಥಾಣೆಯ ನಡುವೆ ಫಾಸ್ಟ್ ಲೈನು ಪಾರಸಿಕ್ ಗುಡ್ಡವನ್ನು ಕೊರೆದು ಹೋಗುತ್ತಿತ್ತು. 1916ರಲ್ಲಿ ತೆರೆದ ಸುರಂಗ, ಸುಮಾರು 1.3 ಕಿಲೋಮೀಟರ್ ಉದ್ದ. ಗಾಡಿ ಅದನ್ನು ದಾಟಲು ಹೆಚ್ಚೆಂದರೆ ಒಂದೂವರೆ–ಎರಡು ನಿಮಿಷ. ತಮಾಷೆಗೆ ಹೇಳಿದ್ದೋ ಏನೋ, ಎಲ್ಲರೂ ನಕ್ಕರು, ನಗುವಿನಲ್ಲೇ ಅದು ಖಾಯಂ ಆಯಿತು.

ಆಮೇಲೆ

ಮುಂದಿನ ತಿಂಗಳುಗಳಲ್ಲಿ ನಾನು ಕಂಡದ್ದು ಎರಡು.

ಸೀಟು ಹೋದ ಮೇಲೆ ಐವರು ಮಂಡಳಿ ಬಿಟ್ಟರು. ನಮ್ಮ ದೇಶ ನಮ್ಮ ದೇವರು ಎಂದಿದ್ದವರಲ್ಲಿ ಒಬ್ಬ ಪಕ್ಕದ ಡಬ್ಬಿಯ ಇಸ್ಪೀಟು ಗುಂಪು ಸೇರಿದ. ಅಲ್ಲಿ ಸೀಟು ಹಿಡಿದುಕೊಡುತ್ತಾರೆ. ಐವರಲ್ಲಿ ನಾನೂ ಒಬ್ಬ. ಬೆನ್ನುನೋವು ಎಂದು ಹೇಳಿಕೊಂಡು ಮೂರು ವಾರ ಹಿಂದಿನ ಡಬ್ಬಿಯಲ್ಲಿ ಹೋದೆ. ಅಲ್ಲೂ ನಿಂತೇ ಹೋಗಬೇಕಾಗಿದ್ದರಿಂದ ನೆಪ ಉಳಿಯಲಿಲ್ಲ, ಮರಳಿದೆ. ನಾಲ್ವರು ಮರಳಲಿಲ್ಲ. ಹತ್ತು ಮಂದಿಯ ಮಂಡಳಿ ನಿಂತು ಹಾಡಿದಾಗ ದನಿ ಮೊದಲಿಗಿಂತ ಚೆನ್ನಾಗಿತ್ತು, ಬಾಯಾಡಿಸುವವರು ಹೋಗಿದ್ದರಲ್ಲ.

ಎರಡನೆಯದು ಸುರಂಗ. ಗಾಡಿ ದಿವಾ ಬಿಡುತ್ತಲೇ ರ‍್ಯಾಕಿನಿಂದ ಢೋಲಕಿ ಇಳಿಯುತ್ತಿತ್ತು. ನಿಂತವನು ಅದನ್ನು ಹಿಡಿದು ಬಾರಿಸಲಾರ, ಹಾಗಾಗಿ ಹತ್ತಿರ ಕೂತವರು ಯಾರೋ ಅವರ ಮೊಣಕಾಲ ಮೇಲೆ ಇಡುತ್ತಿದ್ದರು. ಕತ್ತಲಾದ ಕೂಡಲೇ ಹತ್ತೂ ಜನ ತಡೆದಿಟ್ಟುಕೊಂಡದ್ದನ್ನೆಲ್ಲ ಬಿಡುತ್ತಿದ್ದರು. ಗೋಡೆಗೆ ಬಡಿದ ದನಿ ಎರಡರಷ್ಟಾಗಿ ಕಿಟಕಿಯಿಂದ ಒಳಗೆ ಬರುತ್ತಿತ್ತು. ಬೆಳಕು ಬಂತೆಂದರೆ ಢೋಲಕಿ ನಿಂತಿತು. ಪಕ್ಕದ ಡಬ್ಬಿಗಳಿಂದ ಜನ ಅದನ್ನು ಕೇಳಲೆಂದೇ ನಮ್ಮಲ್ಲಿ ಹತ್ತತೊಡಗಿದ್ದರು ಎಂದರೆ ನಂಬಬೇಕು. ಒಂದೆರಡು ಸಲ ಢೋಲಕಿ ಕೂತದ್ದು ಆ ಹುಡುಗನ ಮೊಣಕಾಲ ಮೇಲೆ. ಪುಸ್ತಕ ಚೀಲಕ್ಕೆ ಸೇರಿಸಿ, ಮುಖ ಕಿಟಕಿಗೆ ತಿರುಗಿಸಿ ಕೂರುತ್ತಿದ್ದ. ಹಾಡಲಿಲ್ಲ. ಡಿಸೆಂಬರ್ ಹೊತ್ತಿಗೆ ಅವನು ಬರುವುದು ನಿಂತಿತು. ಪರೀಕ್ಷೆ ಪಾಸಾದನೋ, ಬೇರೆ ಗಾಡಿ ಹಿಡಿದನೋ ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಹೆಸರು ಕೊನೆಗೂ ತಿಳಿಯಲಿಲ್ಲ.

ಕೋವಿಡ್‌ನಿಂದಾಗಿ 2020ರ ಮಾರ್ಚ್ 22ರ ರಾತ್ರಿಯಿಂದ ಲೋಕಲ್‌ಗಳೇ ನಿಂತವು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ ಗಾಡಿ. ನಮ್ಮಲ್ಲಿ ಆಸ್ಪತ್ರೆಯ ಕೆಲಸದ ಒಬ್ಬ ಆ ಖಾಲಿ ಡಬ್ಬಿಯಲ್ಲಿ ನಾಲ್ಕೂ ಬೆಂಚು ಖಾಲಿ ಇರುವ ಫೋಟೊ ಕಳಿಸಿದ್ದ. ಫೋನಿನಲ್ಲಿ ಎಲ್ಲರೂ ಸೇರಿ ಹಾಡಲು ನೋಡಿದೆವು. ಒಬ್ಬನ ತಾಳ ಇನ್ನೊಬ್ಬನಿಗೆ ತಡವಾಗಿ ಮುಟ್ಟುತ್ತಿತ್ತು, ಎರಡನೇ ಏಕಾದಶಿಗೆ ಕೈಬಿಟ್ಟೆವು. ಲಸಿಕೆಯ ಎರಡು ಡೋಸ್ ಆದವರಿಗೆ 2021ರ ಆಗಸ್ಟ್ 15ರಿಂದ ಗಾಡಿ ತೆರೆದಾಗ ಮರಳಿದವರು ಏಳು ಮಂದಿ. ಬುವಾ ಅಷ್ಟರಲ್ಲಿ ನಿವೃತ್ತರಾಗಿದ್ದರು.

2022ರ ಫೆಬ್ರವರಿಯಲ್ಲಿ ಥಾಣೆ–ದಿವಾ ನಡುವೆ ಐದನೇ, ಆರನೇ ಹಳಿಗಳು ತೆರೆದವು. ಫಾಸ್ಟ್ ಲೋಕಲ್‌ಗಳು ಈಗ ಸುರಂಗ ಬಿಟ್ಟು ಮುಂಬ್ರಾ, ಕಳವಾ ಕಡೆಯಿಂದ ಹೋಗುತ್ತವೆ. ಸುರಂಗ ದೂರದೂರಿನ ಗಾಡಿಗಳ ಪಾಲಾಯಿತು. ರಾಜಿಯ ಪ್ರಕಾರ ಢೋಲಕಿಗೆ ಇದ್ದ ಜಾಗವೇ ಹೀಗೆ ಹೋಯಿತು. ಕಾಕಾ ಇನ್ನೂ ಅದೇ ಗಾಡಿಗೆ ಬರುತ್ತಾರೆ. ಮುಂಬ್ರಾದಿಂದ ಕಳವಾ ತನಕ ಬಾರಿಸಬಹುದಾ ಎಂದು ಢೋಲಕಿಯವನು ವಾರಕ್ಕೊಮ್ಮೆ ಅವರನ್ನು ಕೇಳುತ್ತಾನೆ. “ಅಲ್ಲಿ ಕತ್ತಲಿಲ್ಲವಲ್ಲೋ” ಎನ್ನುತ್ತಾರೆ ಕಾಕಾ. ಢೋಲಕಿ ಸದ್ಯಕ್ಕೆ ರ‍್ಯಾಕಿನ ಮೇಲೆ, ಯಾರದೋ ಛತ್ರಿಯ ಪಕ್ಕ, ದಿನಾ ಸಿಎಸ್‌ಎಂಟಿ ತನಕ ಹೋಗಿ ಬರುತ್ತಿದೆ.